ದೂಧ್‌ಸಾಗರ ಪ್ಯಾಕೇಜ್ ಟೂರ್: ರಸೀದಿಯಲ್ಲಿ ‘ಜೀಪ್ ಸೇರಿ’ ಅಂತ ಬರೆಸದೆ ದುಡ್ಡು ಕೊಡಬೇಡಿ

ಗೋವಾಕ್ಕೆ ಹೋಗುವವರು, ಅದರಲ್ಲೂ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಿಂದ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವವರು ಇದನ್ನು ಪೂರ್ತಿ ಓದಿ. ಬೀಚ್ ರಸ್ತೆಯಲ್ಲಿ ಟೇಬಲ್ ಹಾಕಿಕೊಂಡು ‘ದೂಧ್‌ಸಾಗರ ಫಾಲ್ಸ್, ಮಸಾಲೆ ತೋಟ, ಊಟ, ಎಲ್ಲಾ ಸೇರಿ’ ಅಂತ ಮಾರುತ್ತಾರಲ್ಲ, ಆ ಒಂದು ದಿನದ ಟೂರ್ ಬಗ್ಗೆ ಹೇಳುತ್ತಿದ್ದೇನೆ. ಎಲ್ಲಾ ಸೇರಿಲ್ಲ. ಜೀಪ್ ಸೇರಿಲ್ಲ. ಬಸ್ಸು ಫಾಲ್ಸ್‌ವರೆಗೆ ಹೋಗುವುದೇ ಇಲ್ಲ. ಈ ಮಾತನ್ನು ಅವರು ಬಾಯಿ ಬಿಟ್ಟು ಹೇಳುವುದು ನೀವು ಕಾಡಿನ ಬಾಗಿಲಿಗೆ ಬಂದು ನಿಂತ ಮೇಲೆ.

ದಸರಾ ರಜೆಗೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ಎರಡು ಮಕ್ಕಳು, ಅವ್ವ, ಅಕ್ಕ, ಬಾವನವರು. ಒಟ್ಟು ಏಳು ಜನ. ಅಕ್ಕ-ಬಾವನವರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದವಳು ನಾನೇ. ಬಾವನವರದ್ದು ಶಿರಸಿ ಹತ್ತಿರ ಅಡಿಕೆ ತೋಟ. ಕೆಲಸ ಬಿಟ್ಟು ಹೊರಗೆ ಬರುವುದೇ ಅಪರೂಪ. ಹುಬ್ಬಳ್ಳಿಯಿಂದ ವಾಸ್ಕೋ ಕಡೆ ಹೋಗುವ ರೈಲು ಕ್ಯಾಸಲ್‌ರಾಕ್ ದಾಟಿ ಘಾಟ್ ಇಳಿಯುವಾಗ ದೂಧ್‌ಸಾಗರದ ಎದುರಿಗೇ, ಸೇತುವೆ ಮೇಲೆ ಹಾದು ಹೋಗುತ್ತದೆ. ಮಕ್ಕಳು ಕಿಟಕಿಯಿಂದ ನೋಡಿ ಕುಣಿದಾಡಿದರು. ಮಹದಾಯಿ ಕಣಿವೆಯ ನೀರು ಅದು, ಮುನ್ನೂರು ಮೀಟರಿಗಿಂತ ಎತ್ತರದಿಂದ ಬೀಳುತ್ತದೆ. ಕೆಳಗೆ ಹೋಗಿ ನಿಂತು ನೋಡೋಣ ಅಂತ ಎಲ್ಲರಿಗೂ ಆಸೆಯಾಯಿತು.

ಕಲಂಗುಟ್‌ನಲ್ಲಿ ಇಳಿದುಕೊಂಡಿದ್ದೆವು. ಸಂಜೆ ಬೀಚಿಗೆ ಹೋಗುವಾಗ ಒಬ್ಬ ಹುಡುಗ ನಾವು ಮಾತಾಡುವುದನ್ನು ಕೇಳಿಸಿಕೊಂಡು ‘ಅಕ್ಕಾರ, ಯಾವೂರ್ರೀ? ಹುಬ್ಬಳ್ಳಿಯವರೇನ್ರೀ?’ ಅಂದ. ತನ್ನದು ಗದಗ ಕಡೆ ಅಂದ. ಅವ್ವನಿಗೆ ಕುರ್ಚಿ ಕೊಟ್ಟ, ನೀರು ಕೊಟ್ಟ. ಪರವೂರಲ್ಲಿ ನಮ್ಮ ಭಾಷೆ ಕೇಳಿದರೆ ಮನಸ್ಸು ಎಷ್ಟು ಹಗುರವಾಗುತ್ತದೆ ಅಂತ ನಿಮಗೂ ಗೊತ್ತು. ತಲೆಗೆ 1200 ರೂಪಾಯಿ. ‘ಎಲ್ಲಾ ಸೇರಿ ಏನಪ್ಪಾ?’ ಅಂತ ನಾನು ಬಾಯಿಬಿಟ್ಟು ಕೇಳಿದೆ. ‘ಎಲ್ಲಾ ಸೇರಿ ಅಕ್ಕಾರ. ನಮ್ಮ ಮಂದಿಗೆ ಮೋಸ ಮಾಡ್ತೀನೇನ್ರೀ?’ ಅಂದ. ಅವ್ವನಿಗೆ ಮೊಣಕಾಲು ನೋವು, ಜಾಸ್ತಿ ನಡೆಯೋಕಾಗಲ್ಲ ಅಂತಲೂ ಹೇಳಿದೆ. ‘ನಡಿಯೂದ ಇಲ್ರೀ. ಜೀಪ್ ಸೀದಾ ಫಾಲ್ಸ್ ಬುಡಕ್ಕ ಹೋಗಿ ನಿಲ್ತೈತಿ’ ಅಂದ.

ಜೀಪ್ ಅನ್ನುವ ಮಾತು ಮೊದಲು ತೆಗೆದವನೇ ಅವನು. ಇದನ್ನು ನೆನಪಿಟ್ಟುಕೊಳ್ಳಿ.

8400 ರೂಪಾಯಿ ಪೂರ್ತಿ ಮುಂಗಡ ಕೊಟ್ಟೆ. ಒಂದು ಸಣ್ಣ ರಸೀದಿ ಹರಿದು ಕೊಟ್ಟ. ಅದರಲ್ಲಿ ‘ಡಿ.ಎಸ್. + ಸ್ಪೈಸ್, 7 ಪ್ಯಾಕ್ಸ್, ಫುಲ್ ಪೇಯ್ಡ್’ ಅಂತ ಇತ್ತು. ಅಂದರೆ ದೂಧ್‌ಸಾಗರ ಮತ್ತು ಮಸಾಲೆ ತೋಟ, ಏಳು ಜನ, ಪೂರ್ತಿ ಹಣ ಕೊಟ್ಟಾಗಿದೆ ಅಂತ. ಅಷ್ಟೇ. ಏಜೆನ್ಸಿ ವಿಳಾಸ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ, ನೋಂದಣಿ ನಂಬರ್ ಇಲ್ಲ. ಗೋವಾದಲ್ಲಿ ಟ್ರಾವೆಲ್ ಏಜೆಂಟರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಅದಕ್ಕೆ 1982ರಿಂದಲೇ ಕಾನೂನು ಇದೆ. ಇದು ಊರಿಗೆ ಬಂದ ಮೇಲೆ ತಿಳಿದದ್ದು.

ಬೆಳಿಗ್ಗೆ ಆರಕ್ಕೆ ರೆಡಿ ಇರಿ ಅಂದರು. ಬಸ್ಸು ಬಂದದ್ದು ಏಳೂವರೆಗೆ. ಆಮೇಲೆ ಹೋಟೆಲ್‌ನಿಂದ ಹೋಟೆಲ್‌ಗೆ ತಿರುಗಿ ಜನರನ್ನು ತುಂಬಿಕೊಂಡರು. ತಿಂಡಿ ಇಲ್ಲ. ಕುಳೆಂ ಮುಟ್ಟುವಾಗ ಹತ್ತೂವರೆ ಆಗಿತ್ತು. ಕುಳೆಂ ಅಂದರೆ ನಮ್ಮ ರೈಲು ಘಾಟ್ ಇಳಿದು ಬಂದು ನಿಂತ ಸ್ಟೇಷನ್ನೇ! ಅದನ್ನು ದಾಟಿ ಸಮುದ್ರದವರೆಗೆ ಹೋಗಿ, ಮತ್ತೆ ದುಡ್ಡು ಕೊಟ್ಟು ಅಲ್ಲಿಗೇ ವಾಪಸ್ ಬಂದಿದ್ದೆವು. ಹುಬ್ಬಳ್ಳಿ ಕಡೆಯವರು ಇದನ್ನು ಗಮನಿಸಿ. ಫಾಲ್ಸ್ ಮಾತ್ರ ನೋಡಬೇಕಿದ್ದರೆ ಬೀಚ್‌ನಿಂದ ಟೂರ್ ತೆಗೆದುಕೊಳ್ಳುವ ಅಗತ್ಯವೇ ಇಲ್ಲ.

ಈಗ ಆ ಕ್ಷಣಕ್ಕೆ ಬರುತ್ತೇನೆ. ಬಸ್ಸು ನಿಂತಿತು. ಗೈಡ್ ಎದ್ದು ನಿಂತು, ಮೈಕ್ ಹಿಡಿದು, ಏನೂ ಆಗಿಲ್ಲ ಎಂಬಂತೆ ಹಿಂದಿಯಲ್ಲಿ ಹೇಳಿದ: ‘ಜೀಪ್‌ಗೆ ತಲೆಗೆ 950 ರೂಪಾಯಿ ಕ್ಯಾಶ್ ರೆಡಿ ಇಟ್ಕೊಳ್ಳಿ. ಅರಣ್ಯದ ಟಿಕೆಟ್, ಲೈಫ್ ಜಾಕೆಟ್ ಬೇರೆ.’

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಎದ್ದು ಹೋಗಿ ರಸೀದಿ ತೋರಿಸಿದೆ. ಫುಲ್ ಪೇಯ್ಡ್ ಅಂತ ಇದೆ ನೋಡಿ ಅಂದೆ. ಅವನು ರಸೀದಿ ಕೈಗೂ ತೆಗೆದುಕೊಳ್ಳಲಿಲ್ಲ. ‘ಮೇಡಂ, ಅದು ಬಸ್ಸಿಗೆ ಫುಲ್ ಪೇಯ್ಡ್.’ ಡಿ.ಎಸ್. ಅಂತಲೂ ಇದೆಯಲ್ಲ, ಅದು ಫಾಲ್ಸ್ ತಾನೆ ಅಂದೆ. ‘ಫಾಲ್ಸ್ ಜಾಗಕ್ಕೆ ಕರಕೊಂಡು ಬಂದಿದ್ದೀವಲ್ಲ.’ ಕುಳೆಂನಿಂದ ಫಾಲ್ಸ್‌ಗೆ ಅಭಯಾರಣ್ಯದೊಳಗೆ ಹತ್ತು ಕಿಲೋಮೀಟರಿಗೂ ಜಾಸ್ತಿ ದಾರಿ ಇದೆ. ಹಳ್ಳ ದಾಟಬೇಕು. ಅಲ್ಲಿಯ ಜೀಪ್‌ಗಳಿಗೆ ಬಿಟ್ಟರೆ ಬಸ್ಸಿಗೆ ದಾರಿಯೇ ಇಲ್ಲ. ಇದು ಆ ಧಂದೆಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೇ ಹೇಳಲಿಲ್ಲ.

‘ಹೋಗೋದು ಬಿಡೋದು ನಿಮ್ಮಿಷ್ಟ ಮೇಡಂ. ಬೇಡ ಅಂದ್ರೆ ಬಸ್ಸಲ್ಲಿ ಕೂತಿರಬಹುದು.’

ಬಸ್ಸಲ್ಲಿ ಕೂತಿರಬಹುದು! ಮಕ್ಕಳು ಆಗಲೇ ಕೆಳಗಿಳಿದು ನಿಂತಿದ್ದವು. ಬಸ್ಸಿನ ಇತರರೂ ಗೊಣಗುತ್ತಾ ದುಡ್ಡು ಎಣಿಸುತ್ತಿದ್ದರು. ಪುಣೆಯ ವಯಸ್ಸಾದ ದಂಪತಿ ಮಾತ್ರ ನಮಗೆ ಬೇಡ ಅಂತ ಬಸ್ಸಲ್ಲೇ ಉಳಿದರು. ನನ್ನ ಹತ್ತಿರ ಅಷ್ಟು ಕ್ಯಾಶ್ ಇರಲಿಲ್ಲ, ಯುಪಿಐ ಆಗಲ್ಲ ಅಂದ ಗೈಡ್. ಬಾವನವರು ಒಂದು ಮಾತೂ ಆಡದೆ ಪರ್ಸ್ ತೆಗೆದು 6650 ರೂಪಾಯಿ ಎಣಿಸಿ ಕೊಟ್ಟರು. ನಾನು ಕರೆದುಕೊಂಡು ಬಂದ ಬಾವನವರು. ಅವರು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ತಲೆಗೆ 950 ಅನ್ನುವುದೂ ಸುಳ್ಳೇ. ಅಲ್ಲಿ ಜೀಪ್‌ಗೆ ಏಳು ಜನರ ಲೆಕ್ಕ. ನಾವು ಸರಿಯಾಗಿ ಏಳು ಜನ ಇದ್ದೆವು. ಕೌಂಟರ್‌ನಲ್ಲಿ ದರದ ಬೋರ್ಡ್ ಇದೆ, ಅದು ನನಗೆ ಕಂಡದ್ದು ವಾಪಸ್ ಬಂದ ಮೇಲೆ. ಜೀಪ್ ಚಾಲಕನ ಕೈಯಲ್ಲಿದ್ದ ರಸೀದಿಯನ್ನೂ ನೋಡಿದೆ. ನಮ್ಮಿಂದ ತೆಗೆದುಕೊಂಡದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಗೈಡ್ ಜೇಬಿಗೆ ಹೋಗಿತ್ತು. ದರ ಬದಲಾಗುತ್ತಿರುತ್ತದೆ, ಅದಕ್ಕೆ ಇಲ್ಲಿ ಬರೆಯುತ್ತಿಲ್ಲ. ನೀವೇ ಕೌಂಟರ್‌ಗೆ ಹೋಗಿ ಬೋರ್ಡ್ ನೋಡಿ. ಗೈಡ್ ಕೈಗೆ ಕೊಡಬೇಡಿ. ಗೈಡ್ ಕೈಗೆ ಮಾತ್ರ ಕೊಡಬೇಡಿ.

ಜೀಪ್ ಚಾಲಕರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವರು ಅವರ ಕೆಲಸ ಮಾಡುತ್ತಾರೆ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ, ಅಕ್ಟೋಬರ್ ಹೊತ್ತಿಗೆ ತೆರೆದ ಮೇಲೆಯೇ ಅವರ ದುಡಿಮೆ. ರಜೆ ದಿನ ಬೇರೆ, ಜನಸಾಗರ. ಟೋಕನ್ ಹಿಡಿದು ಬಿಸಿಲಲ್ಲಿ ಕಾದು ಕಾದು ಜೀಪ್ ಹತ್ತಿದಾಗ ಒಂದು ಗಂಟೆ ದಾಟಿತ್ತು. ಬೆಳಿಗ್ಗೆ ಬಸ್ಸು ಹೇಳಿದ ಹೊತ್ತಿಗೆ ಬಂದಿದ್ದರೆ ಈ ಗತಿ ಇರಲಿಲ್ಲ.

‘ಬುಡಕ್ಕ ಹೋಗಿ ನಿಲ್ತೈತಿ’ ಅಂದದ್ದೂ ಸುಳ್ಳು. ಜೀಪ್ ನಿಂತ ಮೇಲೆ ಕಲ್ಲುಬಂಡೆಗಳ ದಾರಿಯಲ್ಲಿ ಸುಮಾರು ಒಂದು ಕಿಲೋಮೀಟರ್ ನಡೆಯಬೇಕು. ಏರಿಳಿತ, ಬೇರು, ಜಾರುವ ಕಲ್ಲು. ಕೈಯಲ್ಲಿ ತಿಂಡಿ ಪೊಟ್ಟಣ ಇದ್ದರೆ ಮಂಗಗಳು ಮೈಮೇಲೇ ಬರುತ್ತವೆ. ಅವ್ವ ಸ್ವಲ್ಪ ದೂರ ನಡೆದು ಒಂದು ಬಂಡೆ ಮೇಲೆ ಕುಳಿತುಬಿಟ್ಟಳು. ‘ನೀವು ಹೋಗಿ ಬರ್ರಿ, ನಾ ರೈಲಿನ್ಯಾಗ ನೋಡೇನಲ್ಲ’ ಅಂದಳು. ಅಕ್ಕ ಅವಳ ಜೊತೆ ಉಳಿದಳು. ಅವರಿಬ್ಬರ ಜೀಪ್ ದುಡ್ಡು, ಟಿಕೆಟ್ ದುಡ್ಡು, ಲೈಫ್ ಜಾಕೆಟ್ ದುಡ್ಡು ಎಲ್ಲ ಕೊಟ್ಟಾಗಿತ್ತು. ಅವ್ವ ಫಾಲ್ಸ್ ನೋಡಲೇ ಇಲ್ಲ.

ಫಾಲ್ಸ್ ಚೆನ್ನಾಗಿದೆ. ಅದಕ್ಕೆ ಎರಡು ಮಾತಿಲ್ಲ. ಮಳೆ ಆಗಷ್ಟೇ ನಿಂತಿತ್ತು, ನೀರು ಹಾಲಿನ ಹಾಗೆಯೇ ಬೀಳುತ್ತಿತ್ತು. ಆದರೆ ನಮಗೆ ಸಿಕ್ಕಿದ್ದು ನಲವತ್ತು ನಿಮಿಷ. ಮಕ್ಕಳು ಜಾಕೆಟ್ ಹಾಕಿಕೊಂಡು ನೀರಿಗೆ ಇಳಿದದ್ದೇ ತಡ, ಗೈಡ್ ಫೋನ್ ಮಾಡಿ ‘ಬೇಗ ಬನ್ನಿ, ಪ್ಲಾಂಟೇಷನ್ ಲೇಟ್ ಆಗುತ್ತೆ’ ಅಂತ ಶುರು ಮಾಡಿದ. ಯಾಕೆ ಅಷ್ಟು ಅವಸರ ಅಂತ ಆಗ ತಿಳಿಯಲಿಲ್ಲ. ಕಮಿಷನ್ ಇರುವುದು ಅಲ್ಲಿ.

ಫೋಂಡಾ ಕಡೆಯ ಆ ಮಸಾಲೆ ತೋಟ ಮುಟ್ಟಿದಾಗ ನಾಲ್ಕೂವರೆ. ಮಧ್ಯಾಹ್ನದ ಊಟ ಆವಾಗ! ಅವ್ವನಿಗೆ ಶುಗರ್ ಇದೆ. ನಾವು ತಂದಿದ್ದ ಬಿಸ್ಕತ್ತು ತಿನ್ನಿಸಿ ಕರೆದುಕೊಂಡು ಬಂದಿದ್ದೆವು. ಬಫೆಯಲ್ಲಿ ಉಳಿದದ್ದು ಆರಿದ ಅನ್ನ, ತಳ ಕಂಡ ಸಾರು. ಕೇಳಿದರೆ ‘ಊಟ ಮೂರಕ್ಕೆ ಮುಗಿಯುತ್ತೆ, ನಿಮ್ಮ ಟೂರ್‌ನವರನ್ನ ಕೇಳಿ’ ಅಂದರು. ಟೂರ್‌ನವನನ್ನು ಕೇಳಿದರೆ ‘ತೋಟದವರನ್ನ ಕೇಳಿ’.

ತೋಟ ತೋರಿಸಿದ ಹುಡುಗಿ ಒಳ್ಳೆಯವಳು. ಒಂದೇ ಹಣ್ಣಿನೊಳಗೆ ಜಾಯಿಕಾಯಿ ಮತ್ತು ಜಾಪತ್ರೆ ಎರಡೂ ಇರುವುದನ್ನು ಸೀಳಿ ತೋರಿಸಿದಳು. ವೆನಿಲ್ಲಾ ಹೂವು ಒಂದೇ ದಿನ ಅರಳಿರುತ್ತದೆ, ಅಷ್ಟರೊಳಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು ಅಂತ ಹೇಳುತ್ತಿದ್ದಳು. ಬಾವನವರು ವೆನಿಲ್ಲಾಕ್ಕೆ ಒಳ್ಳೆ ಬೆಲೆ ಇದ್ದ ಕಾಲದಲ್ಲಿ ಬೆಳೆದು, ಬೆಲೆ ಬಿದ್ದಾಗ ಕಿತ್ತವರು. ಅವರು ಆಸಕ್ತಿಯಿಂದ ಏನೋ ಕೇಳುತ್ತಿದ್ದರು. ಅಷ್ಟರಲ್ಲಿ ನಮ್ಮ ಗೈಡ್ ಚಪ್ಪಾಳೆ ತಟ್ಟಿ ‘ಚಲೋ ಚಲೋ’ ಅಂತ ಎಲ್ಲರನ್ನೂ ಅಂಗಡಿಗೆ ಹೊರಡಿಸಿದ. ತೋಟಕ್ಕೆ ಹದಿನೈದು ನಿಮಿಷ ಕೊಟ್ಟ. ಅಂಗಡಿಯಲ್ಲಿ ಮಾತ್ರ ಒಂದು ಗಂಟೆ. ಬಸ್ಸಿನ ಬಾಗಿಲು ಹಾಕಿತ್ತು, ಡ್ರೈವರ್ ಇರಲಿಲ್ಲ.

ಅಂಗಡಿಯಲ್ಲಿ ಕೇಸರಿ ಮಾರುತ್ತಿದ್ದರು. ‘ನಮ್ಮ ತೋಟದ್ದೇ’ ಅಂತ. ಬಾವನವರು ಮೆಲ್ಲಗೆ ‘ಗಿಡ ಎಲ್ಲಿದೆ, ತೋರಿಸ್ತೀರಾ?’ ಅಂದರು. ‘ಅದು ಮೇಲಿನ ಗುಡ್ಡದಲ್ಲಿದೆ ಸರ್, ಅಲ್ಲಿಗೆ ಪ್ರವಾಸಿಗರನ್ನ ಬಿಡಲ್ಲ.’ ಕೇಸರಿ ಬೆಳೆಯುವುದು ಕಾಶ್ಮೀರದ ಪಾಂಪೋರ್‌ನಂಥ ಚಳಿ ಊರಲ್ಲಿ. ಗೋವಾದ ಸೆಕೆಯಲ್ಲಿ, ಅಡಿಕೆ ಮರದ ಪಕ್ಕ ಕೇಸರಿ! ಅದನ್ನು ಹೇಳಿದ್ದು ಯಾರಿಗೆ? ಅಡಿಕೆ, ಮೆಣಸು, ಏಲಕ್ಕಿ ಬೆಳೆದು ಬದುಕುವ ಮನುಷ್ಯನಿಗೆ. ‘ಸಿಲೋನ್ ದಾಲ್ಚಿನ್ನಿ’ ಅಂತ ಕ್ಯಾಸಿಯಾ ಇಟ್ಟಿದ್ದರು, ಅಂದರೆ ದಾಲ್ಚಿನ್ನಿಯ ಹಾಗೇ ಕಾಣುವ ಬೇರೆ ಜಾತಿ ಮರದ ದಪ್ಪ ತೊಗಟೆ. ನಿಜವಾದದ್ದು ತೆಳುವಾಗಿ, ಸುರುಳಿಯೊಳಗೆ ಸುರುಳಿ ಇರುತ್ತದೆ, ಬೆರಳಲ್ಲೇ ಪುಡಿಯಾಗುತ್ತದೆ. ಲವಂಗ ನಾವು ಸ್ವಲ್ಪ ಕೊಂಡೆವು. ಮನೆಗೆ ಬಂದು ನೀರಿಗೆ ಹಾಕಿದರೆ ಅರ್ಧಕ್ಕರ್ಧ ತೇಲಿತು. ಎಣ್ಣೆ ಇರುವ ಒಳ್ಳೆ ಲವಂಗ ಮುಳುಗುತ್ತದೆ. ಎಣ್ಣೆ ತೆಗೆದದ್ದು ತೇಲುತ್ತದೆ.

ಇಷ್ಟೆಲ್ಲ ಆಗಿಯೂ ನನಗೆ ತಡೆಯಲಾಗದೆ ಇರುವುದು ಅವ್ವನ ಎಣ್ಣೆ. ನಾವು ಕೇಸರಿಯವನ ಹತ್ತಿರ ಇದ್ದಾಗ ಒಬ್ಬ ಅವ್ವನ ಮೊಣಕಾಲು ನೋಡಿ ‘ಅಮ್ಮಾ, ಇದು ಜಾಯಿಕಾಯಿ ಎಣ್ಣೆ, ಹಚ್ಚಿದರೆ ಆಪರೇಷನ್ನೇ ಬೇಡ’ ಅಂದನಂತೆ. ಅವ್ವ ಸೆರಗಿನ ಗಂಟು ಬಿಚ್ಚಿ 1800 ರೂಪಾಯಿ ಕೊಟ್ಟು ಎರಡು ಬಾಟಲಿ ತೆಗೆದುಕೊಂಡಳು. ಕಲ್ಲಿನ ದಾರಿಯಲ್ಲಿ ನಡೆದು ಕಾಲು ಊದಿತ್ತಲ್ಲ, ಪಾಪ. ಬಾಟಲಿ ಮೇಲೆ ತಯಾರಿಸಿದ ದಿನಾಂಕ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಯಾರು ಮಾಡಿದ್ದು ಅಂತಲೂ ಇಲ್ಲ. ವಾಪಸ್ ಕೊಡಲು ಹೋದರೆ ‘ಸೀಲ್ ಮುಟ್ಟಿದ್ದೀರಿ, ಆಗಲ್ಲ’. ಸೀಲ್ ಅನ್ನುವುದು ಒಂದು ತುಂಡು ಸೆಲ್ಲೋಟೇಪ್. ಆ ಎಣ್ಣೆಯಿಂದ ಅವಳಿಗೆ ಚರ್ಮ ಕೆಂಪಾಗಿ ತುರಿಕೆ ಎದ್ದಿತು. ಡಾಕ್ಟರ್ ನಿಲ್ಲಿಸಿ ಅಂದರು.

ರಾತ್ರಿ ಕಲಂಗುಟ್‌ಗೆ ಬಂದಾಗ ಟೇಬಲ್ ಖಾಲಿ. ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೆ ಬರೆಯುತ್ತೇನೆ.

‘ಅಕ್ಕಾರ, ನಾ ಫಾಲ್ಸ್ ಅಂದಿದ್ದೆ, ಜೀಪ್ ರೊಕ್ಕ ಸೇರಿ ಅಂದಿದ್ನೇನ್ರೀ?’ ಎಲ್ಲಾ ಸೇರಿ ಅಂದಿದ್ದೆಯಲ್ಲಪ್ಪಾ ಅಂದೆ. ‘ಎಲ್ಲಾ ಅಂದ್ರ ನಮ್ಮ ಕಡಿಂದ ಎಲ್ಲಾ ರೀ. ಜೀಪ್ ಅವರ ಕಡಿಂದು.’ ಅವ್ವ ಅಷ್ಟು ನಡೆಯಬೇಕಾಯಿತಲ್ಲ ಅಂದೆ. ‘ವಯಸ್ಸಾದವ್ರನ್ನ ಯಾಕ ಕರಕೊಂಡು ಹೋದ್ರಿ?’

ಕುರ್ಚಿ ಹಾಕಿ ನೀರು ಕೊಟ್ಟು ಕೂರಿಸಿದವನೇ ಇವನು! ನಡಿಯೂದ ಇಲ್ರೀ ಅಂದವನೇ ಇವನು!

ಮರುದಿನ ವಾಟ್ಸಾಪ್‌ನಲ್ಲಿ ಬಿಲ್ ಫೋಟೋ ಕಳಿಸಿದೆ. ಕೈಮುಗಿಯುವ ಚಿಹ್ನೆ ಬಂತು. ‘ಓನರ್ ಕೇಳಿ ಹೇಳ್ತೀನ್ರೀ.’ ಆಮೇಲೆ ‘ಓನರ್ ಮುಂಬೈದಾಗ ಅದಾರ.’ ಆಮೇಲೆ ‘ಮುಂದಿನ ಸಲ ಬಂದಾಗ ಡಿಸ್ಕೌಂಟ್ ಕೊಡ್ತೀನಿ.’ ಪೊಲೀಸರಿಗೆ ಹೇಳುತ್ತೇನೆ ಅಂದಾಗ ‘ಹೇಳ್ರಿ, ರಸೀದಿನ್ಯಾಗ ಏನೈತಿ ನೋಡ್ಕೊರಿ.’ ಅಲ್ಲಿಗೆ ಅವನ ಡಿಪಿ ಮಾಯ. ಬ್ಲಾಕ್ ಮಾಡಿದ್ದಾನೆ.

ಅದಕ್ಕೇ ಹೇಳುತ್ತಿದ್ದೇನೆ. ಜೀಪ್, ಅರಣ್ಯದ ಟಿಕೆಟ್, ಲೈಫ್ ಜಾಕೆಟ್ ಮೂರೂ ಸೇರಿ ಅಂತ ರಸೀದಿಯಲ್ಲಿ ಅಕ್ಷರದಲ್ಲಿ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ, ಅವನು ಯಾವೂರಿನವನೇ ಆಗಿರಲಿ. ಪೂರ್ತಿ ಮುಂಗಡ ಕೊಡಬೇಡಿ. ಮೊಣಕಾಲು ನೋವಿರುವವರನ್ನು ಆ ಕಲ್ಲಿನ ದಾರಿಗೆ ಕರೆದುಕೊಂಡು ಹೋಗಬೇಡಿ, ರೈಲಿನ ಕಿಟಕಿಯಿಂದಲೇ ತೋರಿಸಿ. ಟೂರ್ ಬಸ್ಸು ನಿಲ್ಲಿಸಿದ ಅಂಗಡಿಯಲ್ಲಿ ಎಣ್ಣೆ, ಕೇಸರಿ ಮುಟ್ಟಬೇಡಿ. ಮೆಣಸು, ಏಲಕ್ಕಿ ಬೇಕಾದರೆ ನಮ್ಮ ಶಿರಸಿ ಪೇಟೆ ಇಲ್ಲವಾ?

ಬಾವನವರಿಗೆ ಹಣ ಕಳಿಸಿದೆ. ಅವರು ತಿರುಗಿ ನನ್ನ ಖಾತೆಗೇ ಹಾಕಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಗೋವಾ ಪ್ರವಾಸೋದ್ಯಮ ಇಲಾಖೆಗೂ ಬರೆದಿದ್ದೇನೆ. ರಸೀದಿ, ವಾಟ್ಸಾಪ್ ಮಾತು, ಎಣ್ಣೆ ಬಾಟಲಿ ಫೋಟೋ ಎಲ್ಲ ಜೋಡಿಸಿದ್ದೇನೆ. ಇಬ್ಬರಿಂದಲೂ ಇನ್ನೂ ಉತ್ತರ ಬಂದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದೇ ಥರ ವಿಳಾಸ ಇಲ್ಲದ ರಸೀದಿ ಸಿಕ್ಕಿದ್ದರೆ ಎಸೆಯಬೇಡಿ, ನೀವೂ 1915ಕ್ಕೆ ಫೋನ್ ಮಾಡಿ ದೂರು ಬರೆಸಿ.