ಹಿಂಜವಡಿನಾ, ಪವಾಯಿನಾ? ಎರಡೂ ಕಡೆ ಆಫರ್ ಇರೋರಿಗೆ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಐಟಿ ಕೆಲ್ಸಕ್ಕೆ ಬರೋ ನಮ್ಮ ಹುಡುಗ್ರು ಕೇಳೋದು ಇದೊಂದೇ, ಪುಣೆ ಹಿಂಜವಡಿನಾ ಮುಂಬೈ ಪವಾಯಿನಾ ಅಂತ. ಹಿಂಜವಡಿ ಅಂದ್ರೆ ಎಂಐಡಿಸಿ (ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ನಿಗಮ) ಮಾಡಿರೋ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್, ಮೂರು ಫೇಸ್ (ಹಂತ), ಇನ್ಫೋಸಿಸ್, ವಿಪ್ರೋ, ಟಿಸಿಎಸ್ ಎಲ್ಲಾ ಅಲ್ಲೇ ಇರೋದ್ರಿಂದ ಒಂದು ಕೆಲ್ಸ ಬಿಟ್ರೆ ಮನೆ ಬದಲಾಯಿಸದೇ ಇನ್ನೊಂದು ಹುಡುಕ್ಬಹುದು, ಫ್ರೆಶರ್‌ಗೆ ಇದು ತುಂಬಾ ದೊಡ್ಡ ವಿಷ್ಯ. ಆದ್ರೆ ಸಂಜೆ ಶಿವಾಜಿ ಚೌಕ, ಭೂಮ್ಕರ್ ಚೌಕದಲ್ಲಿ ಗಾಡಿ ಇಂಚಿಂಚೇ ಸರಿಯುತ್ತೆ, ಮಳೆ ಬಂದ್ರಂತೂ ಕೇಳ್ಲೇಬೇಡಿ. ಪುಣೆ ನಗರದೊಳಗಿನ ಶಿವಾಜಿನಗರಕ್ಕೆ ಸುಮಾರು 23 ಕಿಮೀ ಮೆಟ್ರೊ ಪ್ಲಾನ್ ಮಾಡಿದ್ದೇ ಇದಕ್ಕೆ. ಅದಕ್ಕೇ ಫೇಸ್ 3ರಲ್ಲಿ ಕೆಲ್ಸ ಇದ್ರೆ ದಯವಿಟ್ಟು ಪಕ್ಕದ ಮಾಣ್ ಕಡೆನೇ ಮನೆ ನೋಡಿ.

ಪವಾಯಿ ಬೇರೆ ಲೋಕ. ಐಐಟಿ ಬಾಂಬೆ ಪಕ್ಕದಲ್ಲೇ ಇದೆ, ಹೊಸ ಕಂಪನಿಗಳಿಗೆ ಆಸರೆ ಕೊಡೋ ಅದರ ಇನ್‌ಕ್ಯುಬೇಟರ್ ಸೈನ್ (SINE) 2004ರಿಂದ ಸ್ಟಾರ್ಟಪ್ ಬೆಳೆಸ್ತಿದೆ, ಮನೆ ಹುಡುಕೋ ವೆಬ್‌ಸೈಟ್ ಹೌಸಿಂಗ್ ಡಾಟ್ ಕಾಮ್ ಶುರು ಮಾಡಿದ್ದೂ ಅಲ್ಲಿನ ಹುಡುಗ್ರೇ. ಸ್ಟಾರ್ಟಪ್ ಅಂದ್ರೆ ಚಿಕ್ಕ ಟೀಮ್, ಕಲಿಯೋಕೆ ಸಿಕ್ಕಾಪಟ್ಟೆ ಸಿಗುತ್ತೆ, ಆದ್ರೆ ಪವಾಯಿಯ ಹೀರಾನಂದಾನಿ ಬಡಾವಣೆ ಬಾಡಿಗೆ ಕೇಳಿದ್ರೆ ತಲೆ ತಿರುಗುತ್ತೆ, ಹತ್ತಿರದ ಕಾಂಜೂರ್‌ಮಾರ್ಗ್ ಕಡೆ ಶೇರಿಂಗ್ ರೂಮೇ ಗತಿ.

ಊರಿಗೆ ಹೋಗೋದು ಪುಣೆಯಿಂದನೇ ಸುಲಭ, ಹಿಂಜವಡಿ ಪಕ್ಕದ ವಾಕಡ್ ಹತ್ರ ಹೈವೇಲೇ ಬೆಳಗಾವಿ ಬಸ್ ಸಿಗುತ್ತೆ. ನನ್ನ ಕೇಳಿದ್ರೆ, ಮನೆಗೆ ತಿಂಗಳಾ ದುಡ್ಡು ಕಳ್ಸ್ಬೇಕು ಅನ್ನೋರು ಹಿಂಜವಡಿ ತಗೊಳ್ಳಿ. ಸಾಲದ ಹೊರೆ ಇಲ್ಲ, ಸ್ವಂತ ಏನಾದ್ರೂ ಕಟ್ಬೇಕು ಅನ್ನೋ ಹಠ ಇದೆ ಅಂದ್ರೆ ಪವಾಯಿ, ಅದೂ ಕಂಪನಿ ಕೈಲಿ ಎಷ್ಟು ತಿಂಗಳಿನ ದುಡ್ಡಿದೆ ಅಂತ ಇಂಟರ್‌ವ್ಯೂನಲ್ಲೇ ಕೇಳ್ಕೊಂಡು.