ಮುಖಪುಟದಲ್ಲಿ ‘ಕಲೆಕ್ಟೆಡ್’ ಅಂತಿದೆ, ಒಳಗೆ ಮೂರು ಕಥೆ ಇಲ್ಲ

ಪುಸ್ತಕದ ಮೇಲೆ ದಪ್ಪ ಅಕ್ಷರದಲ್ಲಿ ‘ಕಲೆಕ್ಟೆಡ್’ ಅಂತಿದ್ದರೆ ಎಲ್ಲಾ ಕಥೆಗಳೂ ಇವೆ ಅಂತಲೇ ಅರ್ಥ, ಅಲ್ವಾ? ನಾನೂ ಹಾಗೇ ಅಂದುಕೊಂಡು ಇಂಗ್ಲಿಷ್ ಲೇಖಕ ಎಂ.ಆರ್. ಜೇಮ್ಸ್ ಬರೆದ ದೆವ್ವದ ಕಥೆಗಳ ಅಗ್ಗದ ಪ್ರತಿಯೊಂದನ್ನು ತರಿಸಿಕೊಂಡಿದ್ದೆ. ಮೂಲೆ ಮಡಚಿಕೊಂಡು ಬಂತು, ಅಕ್ಷರ ಇರುವೆ ಸಾಲಿನ ಹಾಗಿತ್ತು. ಆದರೂ ಎರಡು ಸಲ ಓದಿ ಮುಗಿಸಿ, ಜೇಮ್ಸ್ ಪೂರ್ತಿ ಆಯಿತು ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಆಮೇಲೆ ಗೆಳತಿಯೊಬ್ಬಳು ‘ಎ ವಿನ್ಯೆಟ್’ ಹೇಗನ್ನಿಸಿತು ಅಂತ ಕೇಳಿದಳು. ಅಂಥ ಕಥೆಯೇ ಇಲ್ಲ ಅಂತ ವಾದ ಮಾಡಿ ಸೋತೆ.

ಆಗಿದ್ದೇನೆಂದರೆ, ಅಗ್ಗದ ಪ್ರತಿಗಳಲ್ಲಿ ಹೆಚ್ಚಿನವು 1931ರಲ್ಲಿ ಬಂದ ಸಂಕಲನವನ್ನೇ ಮತ್ತೆ ಅಚ್ಚು ಹಾಕುತ್ತವೆ. 1904, 1911, 1919, 1925ರಲ್ಲಿ ಬಂದ ನಾಲ್ಕು ಪುಸ್ತಕಗಳು, ಜೊತೆಗೆ ಬಿಡಿ ಕಥೆಗಳು ನಾಲ್ಕು, ಒಟ್ಟು 30. ಆದರೆ ಜೇಮ್ಸ್ ಸತ್ತಿದ್ದು 1936ರಲ್ಲಿ. ನಡುವಿನ ಐದು ವರ್ಷ ಅವರು ಸುಮ್ನೆ ಕೂತಿರಲಿಲ್ಲ. ‘ದ ಎಕ್ಸ್‌ಪೆರಿಮೆಂಟ್’ 1931ರ ಕೊನೆಯ ದಿನ ಪತ್ರಿಕೆಯೊಂದರಲ್ಲಿ ಬಂತು, ‘ದ ಮ್ಯಾಲಿಸ್ ಆಫ್ ಇನ್‌ಆ್ಯನಿಮೇಟ್ ಆಬ್ಜೆಕ್ಟ್ಸ್’ 1933ರಲ್ಲಿ ಈಟನ್ ಶಾಲೆಯ ಪುಟ್ಟ ಪತ್ರಿಕೆಯಲ್ಲಿ, ‘ಎ ವಿನ್ಯೆಟ್’ ಅವರು ಸತ್ತ ಮೇಲೆ. ಈ ಮೂರೂ ಬೇಕೆಂದರೆ ಡ್ಯಾರಿಲ್ ಜೋನ್ಸ್ ಸಂಪಾದಿಸಿದ ಆಕ್ಸ್‌ಫರ್ಡ್ ಪ್ರತಿ ತೆಗೆದುಕೊಳ್ಳಿ. ನಾನೀಗ ಬರೆಯುತ್ತಿರುವುದು ಅದನ್ನು ಓದಿಯೇ.

‘ದ ಎಕ್ಸ್‌ಪೆರಿಮೆಂಟ್’ ಪರವಾಗಿಲ್ಲ, ಅಷ್ಟೇ. ಸತ್ತ ಯಜಮಾನ ಹಣ ಎಲ್ಲಿಟ್ಟ ಅಂತ ಅವನನ್ನೇ ಕೇಳಲು ಹೊರಟವರ ಕಥೆ, ಅವಸರದಲ್ಲಿ ಬರೆದಂತಿದೆ. 1933ರದ್ದು ಚುರುಕಾಗಿದೆ. ಬೆಳಿಗ್ಗೆ ಎದ್ದಾಗಿನಿಂದ ಮನೆಯ ಸಾಮಾನೆಲ್ಲ ನಮ್ಮ ಮೇಲೆ ಹಗೆ ಸಾಧಿಸುತ್ತಿದೆ ಅನ್ನಿಸುವ ದಿನ ಇರುತ್ತದಲ್ಲ, ಅದರಿಂದಲೇ ಶುರು. ಓದುತ್ತಾ ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ನಗು ನಿಲ್ಲುತ್ತದೆ.

ನಾನು ದುಡ್ಡು ಕೊಟ್ಟಿದ್ದು ಸಾರ್ಥಕ ಆಯಿತು ಅನ್ನಿಸಿದ್ದು ‘ಎ ವಿನ್ಯೆಟ್’ನಿಂದ. ನಾಲ್ಕೈದು ಪುಟ ಅಷ್ಟೇ. ಪಾದ್ರಿಯ ಮನೆ, ದೊಡ್ಡ ತೋಟ, ಅದರಾಚೆ ಮರಗಳ ಗುಂಪು, ನಡುವೆ ಒಂದು ಗೇಟು. ಆ ಗೇಟಿನಲ್ಲೊಂದು ಚೌಕಾಕಾರದ ಕಿಂಡಿ. ಕಿಂಡಿಯಿಂದ ಒಂದು ಮುಖ ಈ ಕಡೆ ನೋಡುತ್ತಿದೆ. ಯಾರದು, ಯಾಕೆ ಬಂತು, ಏನೂ ಹೇಳುವುದಿಲ್ಲ. ಜೇಮ್ಸ್ ಅಪ್ಪ ಇಂಗ್ಲೆಂಡಿನ ಸಫೋಕ್‌ನ ಗ್ರೇಟ್ ಲಿವರ್‌ಮಿಯರ್ ಅನ್ನುವ ಹಳ್ಳಿಯಲ್ಲಿ ಪಾದ್ರಿಯಾಗಿದ್ದರು, ಇವರು ಬೆಳೆದಿದ್ದು ಅಂಥದ್ದೇ ಮನೆಯಲ್ಲಿ. ಉಳಿದ ಕಥೆಗಳಲ್ಲಿ ಹಳೇ ಕಾಗದ, ಲ್ಯಾಟಿನ್ ಸಾಲು, ಯಾರದೋ ಡೈರಿ ಅಂತ ನಾಲ್ಕು ಪರದೆ ಹಿಂದೆ ಅಡಗಿ ಕೂರುವ ಮನುಷ್ಯ ಇಲ್ಲಿ ಮಾತ್ರ ತಾನೇ ಎದುರು ಬಂದು ಮಾತಾಡಿದಂತಿದೆ. ಅದು ನಿಜವಾಗಿಯೂ ಅವರಿಗೆ ಆದದ್ದೇ, ಕಟ್ಟಿದ್ದೇ? ಗೆಳತಿ ಆದದ್ದೇ ಅನ್ನುತ್ತಾಳೆ. ನನಗೆ ಒಪ್ಪಿಕೊಳ್ಳಲು ಮನಸ್ಸಿಲ್ಲ, ಒಪ್ಪಿಕೊಂಡರೆ ಇನ್ನೂ ಭಯ.

ಮೊದಲ ಸಲ ಓದುವವರು ಇದರಿಂದ ಶುರು ಮಾಡಬೇಡಿ. 1904ರ ಕಥೆಗಳಿಂದ ಬನ್ನಿ. ‘ಓ, ವಿಸಲ್’ ಕಥೆಯಲ್ಲಿ ಪ್ರೊಫೆಸರ್ ಒಬ್ಬ ಸಮುದ್ರ ತೀರದಲ್ಲಿ ಸಿಕ್ಕಿದ ಹಳೇ ಸೀಟಿ ಊದುತ್ತಾನೆ, ಆಮೇಲೆ ಅವನ ಕೋಣೆಯ ಖಾಲಿ ಹಾಸಿಗೆಯ ಮೇಲಿನ ಬೆಡ್‌ಶೀಟ್ ಎದ್ದು ಕೂರುತ್ತದೆ. ಹೇಳಿದರೆ ತಮಾಷೆಯಾಗಿ ಕೇಳುತ್ತದೆ, ರಾತ್ರಿ ಓದಿ ನೋಡಿ. ‘ಕ್ಯಾಸ್ಟಿಂಗ್ ದ ರೂನ್ಸ್’ 1911ರ ಪುಸ್ತಕದ್ದು, ಕೈಗೆ ಬಂದ ಕಾಗದದ ಚೂರನ್ನು ಕೊಟ್ಟವನಿಗೇ ವಾಪಸ್ ದಾಟಿಸಬೇಕು, ಇಲ್ಲದಿದ್ದರೆ ಸಾವು. ಜೇಮ್ಸ್ ಕೇಂಬ್ರಿಜ್‌ನಲ್ಲಿ ಹಳೇ ಹಸ್ತಪ್ರತಿಗಳ ಪಟ್ಟಿ ಮಾಡುತ್ತಿದ್ದ ದೊಡ್ಡ ವಿದ್ವಾಂಸರು. ಕ್ರಿಸ್‌ಮಸ್ ಹಿಂದಿನ ರಾತ್ರಿ ಗೆಳೆಯರನ್ನು ಕೂರಿಸಿಕೊಂಡು ಓದಿ ಹೇಳಲು ಈ ಕಥೆಗಳನ್ನು ಬರೆಯುತ್ತಿದ್ದರು. ಅದಕ್ಕೇ ಇವರು ಕಟ್ಟಿದ ಸುಳ್ಳು ದಾಖಲೆಗಳೂ ನಿಜ ಅನ್ನಿಸುತ್ತವೆ, ಕಥೆ ಕಿವಿಗೂ ಹಿಡಿಸುತ್ತದೆ. ‘ವೇಲಿಂಗ್ ವೆಲ್’ ಅನ್ನು 1927ರಲ್ಲಿ ಈಟನ್ ಸ್ಕೌಟ್ ಹುಡುಗರ ಕ್ಯಾಂಪಿನಲ್ಲೇ ಓದಿ ಹೇಳಿದರು, ಕೆಲವರಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲವಂತೆ. ಕಥೆಯಲ್ಲಿ ಸಾಯುವವನೂ ಸ್ಕೌಟ್ ಹುಡುಗನೇ. ಪಾಪ.

ತಕರಾರುಗಳೂ ಇವೆ. 1919ರ ಪುಸ್ತಕ ಸಪ್ಪೆ. ಅದರಲ್ಲಿನ ‘ಟೂ ಡಾಕ್ಟರ್ಸ್’ ನನಗೆ ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಮನೆಗೆಲಸದವರ ಹಳ್ಳಿ ಇಂಗ್ಲಿಷ್ ಜಾಸ್ತಿ ಕಾಡುತ್ತದೆ, ಅಲ್ಲಿ ನಿಧಾನವಾಗಿ ಓದಬೇಕು. ಲ್ಯಾಟಿನ್‌ಗೆ ಆಕ್ಸ್‌ಫರ್ಡ್ ಪ್ರತಿಯಲ್ಲಿ ಟಿಪ್ಪಣಿ ಇದೆ, ಅಗ್ಗದ್ದರಲ್ಲಿ ಇರಲಿಲ್ಲ. ಆದರೆ ಟಿಪ್ಪಣಿಗಳೆಲ್ಲ ಪುಸ್ತಕದ ಕೊನೆಯಲ್ಲಿವೆ, ದೆವ್ವ ಬರುವ ಹೊತ್ತಿಗೆ ಸರಿಯಾಗಿ ಪುಟ ತಿರುಗಿಸಿಕೊಂಡು ಹೋಗಬೇಕು.

ಅಗ್ಗದ ಪ್ರತಿಯೂ ದಂಡವಲ್ಲ. ಬರೆಯಲು ಹೋಗಿ ಕೈಬಿಟ್ಟ ಕಥೆಗಳ ಬಗ್ಗೆ ಜೇಮ್ಸ್ ಬರೆದ ಲೇಖನ ಅದರಲ್ಲೂ ಇತ್ತು. ಫೆನ್‌ಸ್ಟಾಂಟನ್ ಊರಿನ ಮಾಟಗಾತಿಯ ಕಥೆ ಅಲ್ಲಿ ಎರಡು ಮಾತಿನಲ್ಲಿ ಬಂದು ಹೋಗುತ್ತದೆ. ಅದರ ಕರಡು ಉಳಿದುಕೊಂಡು, ಅವರು ಸತ್ತು ಎಷ್ಟೋ ವರ್ಷದ ಮೇಲೆ ಅಚ್ಚಾಯಿತು. ನಾನು ಅದನ್ನಿನ್ನೂ ಓದಿಲ್ಲ, ಗೆಳತಿ ಓದಿದ್ದಾಳೆ, ಅದೇ ಹೊಟ್ಟೆಕಿಚ್ಚು. ಮಡಚಿದ ಮೂಲೆಯ ಆ ಹಳೇ ಪ್ರತಿಯನ್ನು ತಮ್ಮನಿಗೆ ಕೊಟ್ಟೆ. ಪರಿವಿಡಿಯ ಕೆಳಗೆ ಬಿಟ್ಟುಹೋದ ಮೂರು ಹೆಸರನ್ನೂ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.