ಮೊಳಕಾಲಿನ ಹೊರಮಗ್ಗುಲ ನೋವು: ನೀ ಕ್ಯಾಪ್, ರೋಲರ್, ವ್ಯಾಯಾಮ

ನೃಪತುಂಗ ಬೆಟ್ಟ ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಮೊಳಕಾಲಿನ ಹೊರಮಗ್ಗುಲಿಗೆ ಚುಚ್ಚಿದಂಥ ನೋವು. ಹುಬ್ಬಳ್ಳಿಯಲ್ಲಿ ಓಡುವವರ ಬಾಯಲ್ಲಿ ಈ ಮಾತು ಆಗಾಗ ಕೇಳುತ್ತೇನೆ. ನನಗೂ ಇದೇ ಆಗಿತ್ತು. ಐಟಿ ಬ್ಯಾಂಡ್ ತೊಂದರೆ ಎಂದರು ಫಿಸಿಯೋ. ಸೊಂಟದಿಂದ ತೊಡೆಯ ಹೊರಬದಿಗುಂಟ ಇಳಿದು, ಮೊಳಕಾಲ ಕೆಳಗೆ ಕಣಕಾಲಿನ ಎಲುಬಿಗೆ ಕೂಡಿಕೊಳ್ಳುವ ಗಟ್ಟಿ ಪಟ್ಟಿ ಅದು. ಕಾಲು ಸುಮಾರು 30 ಡಿಗ್ರಿ ಮಡಚಿದಾಗ ತೊಡೆ ಎಲುಬಿನ ಹೊರ ಉಬ್ಬಿನ ಮೇಲೆ ಒತ್ತುತ್ತದೆ. ಇಳಿಜಾರಿನಲ್ಲಿ ಈ ಒತ್ತಡ ಹೆಚ್ಚು.

ಮೊದಲು ನೀ ಕ್ಯಾಪ್. ಹಾಕಿಕೊಂಡರೆ ಕಾಲು ಬೆಚ್ಚಗಿರುತ್ತದೆ, ಧೈರ್ಯ ಬರುತ್ತದೆ. ಆದರೆ ನೋವು ಎಂದಿನಷ್ಟೇ ದೂರ ಓಡಿದ ಮೇಲೆ ಮತ್ತೆ ಹಾಜರ್. ಸ್ಪ್ರೇ, ಬಟ್ಟೆ ಸುತ್ತಿದ ಐಸ್ ಅಂದಿನ ಸಂಜೆಗೆ ಸಾಕು, ಅಷ್ಟೇ. ನೋವಿನ ಗುಳಿಗೆ ನುಂಗಿ ಓಡುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ನಿಲ್ಲು ಎಂದು ಕಾಲು ಹೇಳುವುದೇ ಕೇಳಿಸದಂತಾಗುತ್ತದೆ.

ಫೋಮ್ ರೋಲರ್, ಅಂದರೆ ಕಾಲ ಕೆಳಗಿಟ್ಟು ಉರುಳಿಸುವ ಗಟ್ಟಿ ಫೋಮಿನ ಉರುಳೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಟ್ಟಿ ಎಲುಬಿಗೆ ಉಜ್ಜಿ ನೋವು ಬರುತ್ತದೆ ಎಂದು ಮೊದಲೆಲ್ಲ ನಂಬಿದ್ದರು. ಪಟ್ಟಿಯಡಿ ನರಗಳು ತುಂಬಿದ ಕೊಬ್ಬಿನ ಪದರ ಅದುಮಿಸಿಕೊಳ್ಳುವುದೇ ಕಾರಣ ಎಂಬ ವಿವರಣೆ 2006ರಲ್ಲಿ ಬಂತು. ಹಾಗಿದ್ದ ಮೇಲೆ ನೋಯುವ ಜಾಗಕ್ಕೇ ರೋಲರ್ ಒತ್ತಿ ಹಲ್ಲು ಕಚ್ಚಿಕೊಂಡು ತಿಕ್ಕಿದರೆ ಏನು ಬಂತು? ಆ ಪಟ್ಟಿ ಸ್ನಾಯುವಲ್ಲ, ತಿಕ್ಕಿದರೆ ಉದ್ದವಾಗುವಂಥದ್ದೂ ಅಲ್ಲ. ತೊಡೆಯ ಮುಂಭಾಗಕ್ಕೆ, ಸೊಂಟದ ಪಕ್ಕದ ಸ್ನಾಯುಗಳಿಗೆ ಉರುಳಿಸಿದರೆ ಬಿಗಿ ಸಡಿಲವಾಗುತ್ತದೆ. ಅವ್ವ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದಾಗಲೂ ನನಗೆ ಅಷ್ಟೇ ಹಿತವಾಗಿತ್ತು, ಖರ್ಚೂ ಇರಲಿಲ್ಲ.

ನಿಜವಾಗಿ ಕೈಹಿಡಿದದ್ದು ಸೊಂಟದ ವ್ಯಾಯಾಮ. ಗೋಡೆಗೆ ಬೆನ್ನು ಹಚ್ಚಿ ಒಂದು ಮಗ್ಗುಲಾಗಿ ಮಲಗಬೇಕು. ಮೇಲಿನ ಕಾಲಿನ ಹಿಮ್ಮಡಿ ಗೋಡೆಗೆ ತಾಗಿರಲಿ, ಹೆಬ್ಬೆರಳು ತುಸು ನೆಲದ ಕಡೆ ತಿರುಗಿರಲಿ. ಹಿಮ್ಮಡಿ ಗೋಡೆ ಬಿಡದಂತೆ ಕಾಲನ್ನು ನಿಧಾನ ಎತ್ತಿ, ಇನ್ನೂ ನಿಧಾನ ಇಳಿಸಬೇಕು. ಉರಿ ಪಿರ್ರೆಯ ಮೇಲ್ಭಾಗದಲ್ಲಿ ಏಳಬೇಕು. ತೊಡೆಯ ಮುಂದೆ ಎದ್ದರೆ ಸೊಂಟ ಹಿಂದಕ್ಕೆ ಹೊರಳಿದೆ ಎಂದರ್ಥ. ಈ ಸ್ನಾಯು ಸೋತರೆ ಓಡುವಾಗ ಪ್ರತಿ ಹೆಜ್ಜೆಗೂ ಸೊಂಟ ಒಂದು ಕಡೆ ಕುಸಿದು ಪಟ್ಟಿ ಬಿಗಿಯುತ್ತದೆ. ಫಲ ಕಾಣಲು ವಾರಗಳೇ ಬೇಕು. ಅಲ್ಲಿವರೆಗೆ ಬೆಟ್ಟ ಬಿಟ್ಟು ಉಣಕಲ್ ಕೆರೆಯ ಸಮತಟ್ಟು ದಾರಿಯಲ್ಲಿ ಓಡಿದೆ, ನೋವು ಶುರುವಾಗುವ ಮೊದಲೇ ನಿಲ್ಲಿಸುತ್ತಿದ್ದೆ. ವ್ಯಾಯಾಮದಷ್ಟೇ ಇದೂ ಮುಖ್ಯ ಎಂಬುದು ನನ್ನ ಅನುಭವ.

ಇದೆಲ್ಲ ಐಟಿ ಬ್ಯಾಂಡಿನ ಮಾತು. ಮೊಳಕಾಲು ಬಾತಿದ್ದರೆ, ಮಡಚುವಾಗ ಸಿಕ್ಕಿಕೊಂಡಂತಾದರೆ, ಬಿದ್ದು ಅಥವಾ ತಿರುಚಿ ಬಂದ ನೋವಾಗಿದ್ದರೆ ಕೀಲಿನೊಳಗಿನ ಗಾದಿಯಾಗಲಿ (ಮೆನಿಸ್ಕಸ್), ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ ಆಗಲಿ ಹರಿದಿರಬಹುದು. ಅಂಥವರು ವ್ಯಾಯಾಮ ಶುರು ಮಾಡುವ ಮೊದಲು ಎಲುಬು-ಕೀಲಿನ ಡಾಕ್ಟರಿಗೆ ತೋರಿಸಿ.